ತುರಿಕೆ ನಾರಿನದೋ, ಬಣ್ಣದ್ದೋ?

ಓದುಗರ ಪತ್ರ: ಹೊಸ ಕಪ್ಪು ಪಾಲಿಯೆಸ್ಟರ್ ಅಂಗಿ ತೊಟ್ಟಾಗಲೆಲ್ಲ ಕಂಕುಳ ಸುತ್ತ ಕೆಂಪು ದದ್ದು ಏಳುತ್ತದೆ. ಮನೆಯಲ್ಲಿರುವ ಪಾಲಿಯೆಸ್ಟರನ್ನೆಲ್ಲ ಎಸೆದು ಹತ್ತಿ ಮತ್ತು ‘ಬಿದಿರಿನ ಬಟ್ಟೆ’ ಕೊಳ್ಳಬೇಕೆಂದಿದ್ದೇನೆ. ಪರಿಸರಕ್ಕೂ ಅದೇ ಒಳ್ಳೆಯದಲ್ಲವೇ?

ಸಂಪಾದಕರ ಉತ್ತರ: ದಯವಿಟ್ಟು ಎಲ್ಲವನ್ನೂ ಎಸೆಯಬೇಡಿ. ಆ ಒಂದು ಅಂಗಿ ತೊಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ.

ನಮ್ಮ ಅನುಮಾನ ನಾರಿಗಿಂತ ಬಣ್ಣದ ಮೇಲೆ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ. ಬಿಸಿಗೆ ಅದರೊಳಗೆ ಇಳಿದು ಕೂತಿರುತ್ತವೆ, ಅಷ್ಟೆ. ಕಪ್ಪು, ಕಡುನೀಲಿಗೆ ಬಣ್ಣ ಹೆಚ್ಚು ಬೇಕು. ಬಣ್ಣ ಹಾಕಿದ ಮೇಲೆ ಚೆನ್ನಾಗಿ ತೊಳೆಯದಿದ್ದರೆ ಮಿಕ್ಕದ್ದು ಬೆವರು, ಉಜ್ಜಾಟಕ್ಕೆ ಚರ್ಮಕ್ಕೆ ಇಳಿಯುತ್ತದೆ. ಡಿಸ್ಪರ್ಸ್ ಬ್ಲೂ 106 ಮತ್ತು 124 ಅಲರ್ಜಿಗೆ ಹೆಸರಾದವು. ದದ್ದು ಎಲ್ಲಿದೆ ನೋಡಿ: ಕಂಕುಳ ಕುಳಿ ಬಿಟ್ಟು ಅಂಚಿನಲ್ಲೇ ಎದ್ದಿದ್ದರೆ ಸಾಮಾನ್ಯವಾಗಿ ಬಟ್ಟೆ ಕಾರಣ, ಕುಳಿಯೊಳಗೇ ಇದ್ದರೆ ಡಿಯೋಡರೆಂಟನ್ನೂ ಶಂಕಿಸಬೇಕು. ಒದ್ದೆ ಬಿಳಿ ಬಟ್ಟೆಯಿಂದ ಅಂಗಿಯ ಒಳಮಗ್ಗುಲನ್ನು ಇಪ್ಪತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಅನುಮಾನ ಬಲವಾಯಿತು. ಹತ್ತದಿದ್ದರೆ ಅಂಗಿ ನಿರಪರಾಧಿ ಎಂದೇನಲ್ಲ. ಚರ್ಮವೈದ್ಯರಲ್ಲಿಗೆ ಹೋಗುವಾಗ ಅಂಗಿಯನ್ನೂ ಒಯ್ಯಿರಿ. ಪ್ಯಾಚ್ ಪರೀಕ್ಷೆಯಲ್ಲಿ ಬಣ್ಣಗಳ ಜೊತೆಗೆ ಬಟ್ಟೆಯ ಚೂರನ್ನೂ ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಮುಂದಿನ ಒಂದೆರಡು ದಿನವೂ ನೋಡುತ್ತಾರೆ.

ಹತ್ತಿ ಎಂದ ಮಾತ್ರಕ್ಕೆ ನೆಮ್ಮದಿಯಿಲ್ಲ. ಸುಕ್ಕು ಬೀಳದ ಹತ್ತಿ ಅಂಗಿಗೆ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಆಧಾರಿತ ರಾಳ ಹಚ್ಚಿರುತ್ತಾರೆ, ಅದೂ ದದ್ದೆಬ್ಬಿಸಬಲ್ಲದು. ತೊಡುವ ಮೊದಲು ಒಗೆದರೆ ಬಿಡಿಯಾಗಿರುವ ಅಂಶ ಹೋಗುತ್ತದೆ, ರಾಳ ಉಳಿಯುತ್ತದೆ. ನೀರಿನ ಲೆಕ್ಕವೂ ಇದೆ: ಒಂದು ಕಿಲೋ ಹತ್ತಿ ಬಟ್ಟೆಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್. ಇನ್ನು ‘ಬಿದಿರಿನ ಬಟ್ಟೆ’ ಬಹುಪಾಲು ವಿಸ್ಕೋಸ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ಗಳಿಂದ ಕರಗಿಸಿ ನೂಲು ಎಳೆಯುತ್ತಾರೆ. ಕಾರ್ಬನ್ ಡೈಸಲ್ಫೈಡ್ ಕಾಡುವುದು ತೊಡುವವರನ್ನಲ್ಲ; ಕಾರ್ಖಾನೆಯಲ್ಲಿ ಅದರ ಆವಿ ಉಸಿರಾಡುವ ಕಾರ್ಮಿಕರ ನರಗಳನ್ನು. ಇಂಥ ಬಟ್ಟೆಯನ್ನು ‘ಸಹಜ’ ಎಂದು ಮಾರುವುದನ್ನು ನಾವು ಒಪ್ಪಲಾರೆವು. ಕೊಳ್ಳಲೇಬೇಕಿದ್ದರೆ ಲೈಯೋಸೆಲ್ ವಾಸಿ. ಅದೂ ಮರದ ತಿರುಳಿನ ನಾರೇ, ಆದರೆ ತಿರುಳು ಕರಗಿಸುವ ದ್ರಾವಕವನ್ನು ಶೇ. 99ಕ್ಕೂ ಹೆಚ್ಚು ಹಿಂಪಡೆಯುತ್ತಾರೆ.

ಈಗಾಗಲೇ ಇರುವ, ಮೈಗೆ ಒಗ್ಗಿದ ಪಾಲಿಯೆಸ್ಟರನ್ನು ಹೊರ ಉಡುಪಾಗಿ ಹರಿಯುವತನಕ ತೊಡಿ. ಅದು ತನ್ನ ತೂಕದ ಶೇ. 0.4ರಷ್ಟೇ ತೇವ ಹಿಡಿಯುತ್ತದೆ, ಹತ್ತಿ ಶೇ. 8ರಷ್ಟು, ಆದ್ದರಿಂದ ಒಳ ಉಡುಪಿಗೆ ಹತ್ತಿಯೇ ಸರಿ. ಪಾಲಿಯೆಸ್ಟರ್ ಒಗೆದಾಗಲೆಲ್ಲ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ, ಮೊದಲ ಕೆಲವು ಒಗೆತಗಳಲ್ಲಿ ಹೆಚ್ಚು. ಹಳೆಯದನ್ನು ಬಿಸಾಡಿ ಹೊಸದನ್ನು ತರುವುದು ಈ ಕಾರಣಕ್ಕೂ ನಷ್ಟ. ಮೆಷಿನ್ ತುಂಬುವಷ್ಟು ಬಟ್ಟೆಯಾದಾಗ ತಣ್ಣೀರಲ್ಲಿ, ಚಿಕ್ಕ ಅವಧಿಗೆ ಒಗೆಯಿರಿ. ಡೆಲಿಕೇಟ್ ಸೈಕಲ್ ಬೇಡ: ಅದು ಬಳಸುವ ಹೆಚ್ಚು ನೀರೇ ಎಳೆಗಳನ್ನು ಕಿತ್ತು ತರುತ್ತದೆ. ಫಿಲ್ಟರಿನಲ್ಲಿ ಸಿಕ್ಕ ನಾರನ್ನು ನಲ್ಲಿಯಡಿ ತೊಳೆಯದೆ, ಬೆರಳಿಂದ ತೆಗೆದು ಒಣಕಸಕ್ಕೆ ಹಾಕಿ.