ನೆಯ್ವೇಲಿ ಗಣಿಯ ಸುತ್ತ ಬೋರ್‌ವೆಲ್ ನೀರು ಯಾಕೆ ಆಳಕ್ಕೆ ಇಳಿಯುತ್ತದೆ?

ಮುಖ್ಯ ಕಾರಣ, ಗಣಿಯನ್ನು ಉಳಿಸಿಕೊಳ್ಳಲು ಹಗಲು ರಾತ್ರಿ ನೀರು ಎತ್ತಬೇಕು.

ತಮಿಳುನಾಡಿನ ಕಡಲೂರು ಜಿಲ್ಲೆಯ ನೆಯ್ವೇಲಿಯಲ್ಲಿ ಸಿಗುವುದು ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು. (ಅದರ ಕರೆಂಟು ಕರ್ನಾಟಕಕ್ಕೂ ಬರುತ್ತದೆ.) ಲಿಗ್ನೈಟ್ ಪದರದ ಕೆಳಗೆ ಮರಳುಗಲ್ಲಿನಲ್ಲಿ ತುಂಬಾ ನೀರಿದೆ. ಅದು ಸುಮ್ನೆ ನಿಂತ ನೀರಲ್ಲ. ಚದರ ಸೆಂಟಿಮೀಟರಿಗೆ 6ರಿಂದ 8 ಕಿಲೋ ಒತ್ತಡದಲ್ಲಿ ಮೇಲಕ್ಕೆ ತಳ್ಳುತ್ತಿರುತ್ತದೆ. ಇದು ನೀರನ್ನು 60–80 ಮೀಟರ್ ಎತ್ತರಕ್ಕೆ ಏರಿಸುವಷ್ಟು ಬಲ! ಮೇಲಿನ ಮಣ್ಣು ತೆಗೆದಾಗ ಅದನ್ನು ಅದುಮಿಟ್ಟ ಭಾರ ಕಡಿಮೆಯಾಗುತ್ತದೆ. ಆಗ ಗಣಿಯ ತಳವೇ ಒಡೆದು ನೀರು ಉಕ್ಕಬಹುದು. ಅದಕ್ಕೇ ಸುತ್ತಲೂ ಆಳದ ಬೋರ್‌ವೆಲ್ ಕೊರೆದು, ನಿಲ್ಲಿಸದೆ ಪಂಪ್ ಮಾಡಿ ಒತ್ತಡ ಇಳಿಸುತ್ತಾರೆ.

ಹೀಗೆ ಎತ್ತಿದಾಗ ನೀರಿನ ಮಟ್ಟ ಗಣಿಯ ಕಡೆಗೆ ಆಲಿಕೆಯಂತೆ ಇಳಿಜಾರಾಗುತ್ತದೆ. ಗಣಿಗೆ ಹತ್ತಿರವಿದ್ದಷ್ಟೂ ಪೆಟ್ಟು ಜಾಸ್ತಿ. ಮೊದಲು ಮೋಟರ್ ಇಲ್ಲದೆ ತಾನಾಗಿ ನೀರು ಉಕ್ಕುತ್ತಿದ್ದ ಸೀಮೆ ಇದು. ಈಗ ರೈತರು ಇನ್ನಷ್ಟು ಆಳ ಕೊರೆಸಿ, ದೊಡ್ಡ ಮೋಟರ್ ಇಳಿಸಬೇಕು. ಆ ಖರ್ಚು ಅವರ ಮೇಲೆ ಬೀಳುವುದು ನ್ಯಾಯವಲ್ಲ ಅಂತ ನನಗನಿಸುತ್ತದೆ.

ಎತ್ತಿದ ನೀರು ವಿದ್ಯುತ್ ಸ್ಥಾವರಗಳಿಗೆ ಹೋಗುತ್ತದೆ, ಚೆನ್ನೈಗೂ ಕೊಟ್ಟಿದ್ದಾರೆ. ಹಾಗಂತ ಎಲ್ಲ ಕುಸಿತವೂ ಗಣಿಯದ್ದಲ್ಲ. ಭತ್ತ, ಕಬ್ಬಿಗೆ ಎತ್ತುವ ನೀರೂ ಲೆಕ್ಕಕ್ಕೆ ಬರುತ್ತದೆ. ಮೇಲ್ಪದರದ ತೆರೆದ ಬಾವಿಯನ್ನೂ ಆಳದ ಬೋರ್‌ವೆಲ್‌ನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡರ ನಡುವೆ ಜೇಡಿಮಣ್ಣಿನ ಪದರಗಳಿರುವುದರಿಂದ ಅವು ಬೇರೆ ಬೇರೆಯಾಗಿ ಏರಿಳಿಯಬಹುದು.