ಮೂರು ನಾಯಿ, ಒಂದೂ ಮುಚ್ಚದ ಬಾಗಿಲು

ಆಪ್ತಸಲಹೆಗೆ ನನ್ನ ಹತ್ತಿರ ಬರುವವರು ಹೆಚ್ಚಾಗಿ ಗಂಡನಿಂದ ಶುರು ಮಾಡುತ್ತಾರೆ, ಇಲ್ಲವೇ ಮಗನಿಂದ. ಈ ಅಮ್ಮ ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿದ್ದು, "ಮೇಡಂ, ಒಂದು ನಾಯಿಯನ್ನು ವಾಪಸ್ ಕೊಟ್ಟರೆ ನಾನು ಕೆಟ್ಟವಳಾಗ್ತೇನಾ?"

ಅವರನ್ನು ವಸಂತಿ ಅನ್ನೋಣ. ವಯಸ್ಸು 59, ನಿವೃತ್ತ ಟೀಚರ್, ಉಡುಪಿ ಪೇಟೆಯಿಂದ ಅರ್ಧ ಗಂಟೆ ದೂರದಲ್ಲಿ ಹಂಚಿನ ಮನೆ. ಗಂಡ ಕೂಡ ನಿವೃತ್ತರು, ಮಗ ದುಬೈನಲ್ಲಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ನಾಯಿಗಳ ಹೆಸರನ್ನೂ ಸೇರಿಸಿ. ನಮ್ಮ ಕಡೆ ಜನರ ಹೆಸರು ಬದಲಿಸಿ ಏನೂ ಪ್ರಯೋಜನ ಇಲ್ಲ, ನಾಯಿಯ ಹೆಸರು ಹೇಳಿದರೆ ಸಾಕು, ಯಾರ ಮನೆ ಅಂತ ರಿಕ್ಷಾದವರೇ ಹೇಳುತ್ತಾರೆ.

ಮೊದಲು ಬಂದದ್ದು ಬೊಳ್ಳು. ಬಿಳಿ ಸ್ಪಿಟ್ಜ್, ಹೆಣ್ಣು, ಆರೇಳು ವರ್ಷ. ಮರಿ ಮಾರುವವರ ಹತ್ತಿರ ಗೂಡಿನಲ್ಲೇ ಇದ್ದು ಮರಿ ಹಾಕಿ ಹಾಕಿ ಸೋತದ್ದು. ಹಲ್ಲು ಅರ್ಧ ಹೋಗಿದೆ. ಮಾರ್ಚ್‌ನಲ್ಲಿ ಮನೆಗೆ ಬಂದಾಗ ಅದಕ್ಕೆ ನೆಲದ ಮೇಲೆ ನೇರ ನಡೆಯಲು ಗೊತ್ತಿರಲಿಲ್ಲ, ಗೂಡಿನ ಅಳತೆಯಲ್ಲೇ ಸುತ್ತು ಹೊಡೆಯುತ್ತಿತ್ತು. ಏಪ್ರಿಲ್ ಕೊನೆಗೆ ಬ್ರೂನೋ. ಡ್ಯಾಶ್‌ಹೌಂಡ್ ಮಿಶ್ರ ತಳಿ, ಫ್ಲ್ಯಾಟ್ ಖಾಲಿ ಮಾಡಿ ಹೋದವರು ಬಿಟ್ಟು ಹೋದದ್ದು. ಜೂನ್ ಮೊದಲ ವಾರದಲ್ಲಿ ಬಂದದ್ದು ಬೂತಾಯಿ. ಮಲ್ಪೆ ದಕ್ಕೆಯಲ್ಲಿ, ಅಂದರೆ ಮೀನು ಬೋಟ್ ನಿಲ್ಲುವ ಕಟ್ಟೆಯಲ್ಲಿ, ಸಿಕ್ಕಿದ ಬೀದಿ ಮರಿ, ಐದು ತಿಂಗಳಿನದ್ದು, ಹಿಂದಿನ ಒಂದು ಕಾಲು ಸೊಟ್ಟ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಆಗ ದಕ್ಕೆಯ ನಾಯಿಗಳಿಗೂ ರಜೆ, ಅಂದರೆ ಉಪವಾಸ. ಹಸಿವು ನೋಡಿ ಬಂದ ಮರಿ. ಅದು ತಟ್ಟೆಯ ಮುಂದೆ ಹೇಗಿರುತ್ತದೆ ಅಂತ ಯಾರಾದರೂ ಊಹಿಸಬಹುದು, ಆದರೆ ಯಾರೂ ಊಹಿಸಿರಲಿಲ್ಲ.

ಮೂರು ತಿಂಗಳಲ್ಲಿ ಮೂರು ನಾಯಿ. ನನ್ನ ಹತ್ತಿರ ಬಂದದ್ದು ಜುಲೈನಲ್ಲಿ, ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡು.

ಕೈಗೆ ಏನಾಯಿತು ಅಂದೆ. ಬೂತಾಯಿಯ ಬಾಯಿಂದ ಬಂಗುಡೆ ಮೀನಿನ ತಲೆ ಎಳೆದು ತೆಗೆಯಲು ಹೋಗಿ ಕಚ್ಚಿಸಿಕೊಂಡದ್ದು, ನಾಲ್ಕು ದಿನ ಆಯಿತು, ಅರಿಶಿನ ಹಚ್ಚಿದ್ದೇನೆ, "ನಮ್ಮ ಮನೆದೇ ನಾಯಿ ಅಲ್ವಾ" ಅಂದರು. ಆವತ್ತು ನಾನು ಆಪ್ತಸಲಹೆ ಮಾಡಲೇ ಇಲ್ಲ. ರಿಕ್ಷಾ ಹತ್ತಿಸಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಕಳಿಸಿದೆ. ದಕ್ಕೆಯಿಂದ ಬಂದ ಮರಿ, ಮೊದಲು ಯಾರ ಹತ್ತಿರ ಇತ್ತೋ, ಎಂಥ ನಾಯಿ ಜೊತೆ ಕಚ್ಚಾಡಿತ್ತೋ ಗೊತ್ತಿಲ್ಲ. ನಾಯಿ ಕಚ್ಚಿದರೆ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅರಿಶಿನ, ಸುಣ್ಣ ಏನೂ ಹಚ್ಚಬಾರದು, ಅದೇ ದಿನ ಲಸಿಕೆ ಶುರು ಮಾಡಬೇಕು. ತಡವಾದರೂ ಹೋಗಲೇಬೇಕು. ಚರ್ಮಕ್ಕೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಮದ್ದಿಲ್ಲ. ಮನಸ್ಸಿನ ಮಾತು ಮರುದಿನವೂ ಆಡಬಹುದು.

ಎರಡನೇ ಸಲ ಬಂದಾಗ ಮಾತಾಡಿದರು. ರಾತ್ರಿ ನಿದ್ದೆ ಇಲ್ಲ. ಚಾವಡಿಯಲ್ಲಿ, ಅಂದರೆ ಮನೆಯ ಹಜಾರದಲ್ಲಿ, ಚಾಪೆ ಹಾಕಿ ನಾಯಿಗಳ ಮಧ್ಯೆ ಮಲಗುತ್ತಾರೆ. ಹೊರಗೆ ಜಡಿಮಳೆ, ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಆ ನಾಲ್ಕು ತಿಂಗಳಲ್ಲೇ. ನಾಯಿಗಳು ಅಂಗಳಕ್ಕೆ ಇಳಿಯುವುದಿಲ್ಲ, ಎಲ್ಲ ಒಳಗೇ. ಒರೆಸುವ ಬಟ್ಟೆ ಒಣಗುವುದಿಲ್ಲ, ಹಾಸಿದ ಗೋಣಿ ಒಣಗುವುದಿಲ್ಲ, ಮನೆಯಿಡೀ ಒದ್ದೆ ನಾಯಿಯ ವಾಸನೆ. ನಾಲ್ಕು ಗಂಟೆಗೆ ಹಾಲಿನ ಬೈಕ್ ಹೋದರೆ ಬ್ರೂನೋ ಬೊಗಳುತ್ತದೆ, ಬ್ರೂನೋ ಬೊಗಳಿದರೆ ಬೂತಾಯಿ ಅದರ ಮೇಲೆ ಹಾರುತ್ತದೆ, ಬೊಳ್ಳು ಇದ್ದಲ್ಲೇ ಉಚ್ಚೆ ಹೊಯ್ಯುತ್ತದೆ. ಆಚೆ ಮನೆಯವರು ಮಾತು ಬಿಟ್ಟಿದ್ದಾರೆ. ಗಂಡ ಏನೂ ಹೇಳುವುದಿಲ್ಲ. "ಏನೂ ಹೇಳದೇ ಇರೋದೇ ತಲೆನೋವು" ಅಂದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಗಂಡ ದೂರ ಉಳಿದಿದ್ದಾರೆ, ಅವರಿಗೂ ಒಂದು ಪಾಲು ಕೊಡಿ, ಮಧ್ಯಾಹ್ನದ ಊಟ ಅವರೇ ಹಾಕಲಿ ಅಂತ ಸಲಹೆ ಕೊಟ್ಟೆ. ದಂಪತಿಗಳಿಗೆ ಕೊಡುವ ಮಾಮೂಲಿ ಸಲಹೆ, ಕೊಟ್ಟು ಬೆನ್ನು ತಟ್ಟಿಕೊಂಡೆ. ಆ ಮಹಾನುಭಾವರು ಮೂರು ತಟ್ಟೆ ತಂದು, ಮಠದ ಪಂಕ್ತಿ ಊಟದ ಹಾಗೆ ಸಾಲಾಗಿ ಇಟ್ಟು, ಗಂಜಿ ಬಡಿಸಿ, ಮೂವರನ್ನೂ ಒಟ್ಟಿಗೆ ಕರೆದರು. ಬೂತಾಯಿ ತನ್ನದು ಬಿಟ್ಟು ಬ್ರೂನೋನ ತಟ್ಟೆಗೆ ಹಾರಿತು. ಬ್ರೂನೋನ ಕಿವಿ ಹರಿಯಿತು, ಐದು ಹೊಲಿಗೆ. ವಸಂತಿಯವರಿಂದ ಫೋನ್ ಬಂತು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ನನಗೆ ಮನುಷ್ಯರ ವಿಷಯ ಗೊತ್ತು, ನಾಯಿಯ ವಿಷಯ ಗೊತ್ತಿಲ್ಲ. ಅದನ್ನು ಮೊದಲೇ ಹೇಳಬೇಕಿತ್ತು. ಆಮೇಲೆ ಪರಿಚಯದ ಪಶುವೈದ್ಯರೊಬ್ಬರ ಜೊತೆ ಕೂತು ಕೇಳಿ ತಿಳಿದುಕೊಂಡೆ. ಅವರು ಹೇಳಿದ್ದು ಇಷ್ಟೇ: ಒಂದೊಂದು ನಾಯಿಗೆ ಒಂದೊಂದು ಕೋಣೆ, ಬಾಗಿಲು ಹಾಕಿ ಊಟ, 15 ನಿಮಿಷ, ತಟ್ಟೆ ಎತ್ತಿದ ಮೇಲೆ ಬಾಗಿಲು ತೆಗೆಯಿರಿ. ಬಾಯಲ್ಲಿ ಇದ್ದದ್ದನ್ನು ಎಳೆಯಬೇಡಿ, ಬೇಯಿಸಿದ ಮೊಟ್ಟೆಯ ತುಂಡು ದೂರ ಎಸೆಯಿರಿ, ಅದು ಹೋದಾಗ ಬಿದ್ದದ್ದನ್ನು ಹೆಕ್ಕಿ. ನಿನ್ನೆಯ ಗಸಿ, ಸಾರು ಕಲಸಿದ ಅನ್ನ ಹಾಕಬೇಡಿ, ಈರುಳ್ಳಿ ನಾಯಿಗೆ ವಿಷ. ಹೊಸ ಮನೆಗೆ ಬಂದ ನಾಯಿಗೆ ಹೆದರಿಕೆ ಬಿಡಲು ಮೂರು ದಿನ, ಮನೆಯ ಕ್ರಮ ಗೊತ್ತಾಗಲು ಮೂರು ವಾರ, ತನ್ನ ಮನೆ ಅನ್ನಿಸಲು ಮೂರು ತಿಂಗಳು ಅಂತ ನಾಯಿ ಸಾಕುವವರಲ್ಲಿ ಒಂದು ಅಂದಾಜಿನ ಲೆಕ್ಕ ಇದೆಯಂತೆ. ಬೊಳ್ಳುವಿನಂಥದ್ದಕ್ಕೆ ಅದೂ ಸಾಲದು. ಈ ಮನೆಯಲ್ಲಿ ಒಂದರ ಮೂರು ತಿಂಗಳು ಮುಗಿಯುವ ಮೊದಲೇ ಇನ್ನೊಂದು ಬಂದಿತ್ತು.

ಸರಿ, ಬಾಗಿಲು ಹಾಕಿ ಅಂದೆ. ವಸಂತಿಯವರು ಹಾಕಲಿಲ್ಲ.

ಒಂದು ವಾರ ಬಿಟ್ಟು ಕೇಳಿದರೆ, "ಹಾಕ್ತೇನೆ ಮೇಡಂ, ಆದರೆ ಎರಡು ನಿಮಿಷಕ್ಕೆ ತೆಗೆದುಬಿಡ್ತೇನೆ. ಬೊಳ್ಳು ಆರು ವರ್ಷ ಗೂಡಲ್ಲಿ ಇದ್ದದ್ದು. ನಾನೂ ಕೂಡಿ ಹಾಕಿದರೆ ನನಗೂ ಅವರಿಗೂ ಎಂತ ವ್ಯತ್ಯಾಸ?" ಮಾತು ನ್ಯಾಯವಾಗಿಯೇ ಕೇಳುತ್ತದೆ. ಆದರೆ ಬೊಳ್ಳು ಹಗಲೆಲ್ಲ ಎಲ್ಲಿರುತ್ತದೆ ಅಂತ ಕೇಳಿದೆ. ಮಂಚದ ಅಡಿಯ ಮೂಲೆಯಲ್ಲಿ. ತಾನಾಗಿ ಹೋಗಿ ಕೂತುಕೊಳ್ಳುತ್ತದೆ, ಇವರು ದಿನಕ್ಕೆ ಹತ್ತು ಸಲ ಹೊರಗೆ ಎಳೆದು ಮಡಿಲಲ್ಲಿ ಇಟ್ಟುಕೊಂಡು ಮುದ್ದು ಮಾಡುತ್ತಾರೆ. ಪಾಪ, ನಾಯಿ ಬಾಗಿಲು ಹಾಕಿಕೊಳ್ಳಲು ನೋಡುತ್ತಿದೆ, ಇವರು ತೆಗೆಯುತ್ತಿದ್ದಾರೆ.

ನಾನು ಕೇಳಿದೆ, ನೀವು ನಿಮ್ಮ ಕೋಣೆಯ ಬಾಗಿಲು ಹಾಕಿ ಮಲಗಿದ್ದು ಕೊನೆಗೆ ಯಾವಾಗ? ಲೆಕ್ಕ ಹಾಕಿದರು. ತುಂಬ ಹೊತ್ತು ಹಾಕಿದರು. ಒಂಬತ್ತು ವರ್ಷ. ಅತ್ತೆ ಹಾಸಿಗೆ ಹಿಡಿದಾಗ, ರಾತ್ರಿ ಕರೆದರೆ ಕೇಳಲಿ ಅಂತ ಬಾಗಿಲು ತೆರೆದೇ ಇಟ್ಟದ್ದು. ಅತ್ತೆ ಇದ್ದದ್ದು ಆರು ವರ್ಷ. ಹೋಗಿ ಮೂರು ವರ್ಷ ಆಯಿತು. ಬಾಗಿಲು ಹಾಗೇ ಇತ್ತು, ಕಿವಿಯೂ ಹಾಗೇ ಇತ್ತು. ಶಾಲೆಗೆ ಹೋಗುತ್ತಿದ್ದಷ್ಟು ದಿನ ಹಗಲಿಗೆ ಬೇರೆ ಕೆಲಸ ಇತ್ತು, ನಿವೃತ್ತಿಯಾದ ಮೇಲೆ ಅದೂ ಇಲ್ಲ. ಆಗ ಬಂದದ್ದು ಬೊಳ್ಳು.

ಅತ್ತೆಯ ಜಾಗಕ್ಕೆ ನಾಯಿ ತಂದರು ಅಂತ ಹೇಳಿ ಮುಗಿಸುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ, ಅವರಿಗೆ ನಾಯಿ ಇಷ್ಟ ಅಷ್ಟೇ, ಚಿಕ್ಕಂದಿನಿಂದಲೂ ಇಷ್ಟ. ಆದರೆ ಒಂಬತ್ತು ವರ್ಷ ಒಂದು ಕಿವಿ ತೆರೆದಿಟ್ಟು ಮಲಗಿದವರಿಗೆ ಮಂಡೆಬಿಸಿ ಆಗದೆ ಇನ್ನೇನಾಗುತ್ತದೆ? ಆ ದಿನ ಕೊಟ್ಟ ಸಲಹೆ ಸಣ್ಣದು. ಮೊದಲು ನಾಯಿಗಳ ಬಾಗಿಲು, ಅದೂ ಊಟದ ಹೊತ್ತು ಮಾತ್ರ. ಬಾಗಿಲಿನ ಹೊರಗೆ ಸ್ಟೂಲ್ ಹಾಕಿ ಕೂತುಕೊಳ್ಳಿ, ಗಡಿಯಾರ ನೋಡಿ, ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, 15 ನಿಮಿಷ ಮುಗಿಯದೆ ಚಿಲಕ ಮುಟ್ಟಬೇಡಿ. ಬೊಳ್ಳುವನ್ನು ಎಳೆಯುವುದು ನಿಲ್ಲಿಸಿ. ಮಂಚದ ಹತ್ತಿರ ಅದಕ್ಕೆ ಬೆನ್ನು ಹಾಕಿ ಕೂತು ಪೇಪರ್ ಓದಿ, ಜೋರಾಗಿ, ಟೀಚರ್ ಧ್ವನಿಯಲ್ಲೇ ಓದಿ, ಬಂದರೆ ಬರುತ್ತದೆ. ಅವರು ನಿಧನ ವಾರ್ತೆಯ ಪುಟ ಓದುತ್ತಿದ್ದರಂತೆ. ಹನ್ನೆರಡನೇ ದಿನ ಬೆನ್ನಿಗೆ ಒದ್ದೆ ಮೂಗು ತಾಗಿತು. ತಿರುಗಲಿಲ್ಲ ಅಂದರು. ಅದು ನನಗೆ ದೊಡ್ಡ ವಿಷಯ, ತಿರುಗದೇ ಇದ್ದದ್ದು.

ಉಳಿದ ಮನೆಯ ಸಂಗತಿಗಳು ಒಂದೊಂದಾಗಿ ಸರಿಹೋದವು. ಮೂತ್ರಕ್ಕೆ ಫಿನಾಯಿಲ್ ಹಾಕುತ್ತಿದ್ದರು, ಅದು ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ, ಅದು ಮತ್ತೆ ಅಲ್ಲೇ ಹೋಗುತ್ತದೆ. ಬಿಸಿನೀರು, ವಿನೆಗರ್ ಹಾಕಿ ಒರೆಸಿದರು. ಜಗಲಿಯ ಶೀಟಿನ ಅಡಿಯಲ್ಲಿ ಹಳೆಯ ಟ್ರೇಗೆ ಮಣ್ಣು, ಗರಿಕೆ ತುಂಬಿ ಇಟ್ಟರು. ಊಟ ಆದ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಅಲ್ಲಿಗೆ. ತಪ್ಪಿದರೆ ಗದರಿಸುವುದಿಲ್ಲ, ಒರೆಸುವುದು ಅಷ್ಟೇ. ಒರೆಸುವಾಗ ಕೈಗವಸು, ಮಳೆಗಾಲದಲ್ಲಿ ಇಲಿಜ್ವರ ನಾಯಿಗೂ ಬರುತ್ತದೆ, ಅದರ ಮೂತ್ರದಿಂದ ನಮಗೂ ಬರಬಹುದು. ಮೂರಕ್ಕೂ ಅದರ ಲಸಿಕೆ, ರೇಬಿಸ್ ಲಸಿಕೆ ಆಯಿತು. ಬ್ರೂನೋಗೆ ಉದ್ದ ಬೆನ್ನು, ಆ ತಳಿಗೆ ಬೆನ್ನುಮೂಳೆಯ ತೊಂದರೆ ಜಾಸ್ತಿ, ಸೋಫಾದಿಂದ ಹಾರಬಾರದು, ಹತ್ತಿ ಇಳಿಯಲು ಅದಕ್ಕೊಂದು ಓರೆ ಹಲಗೆ. ಬೈಕ್ ಶಬ್ದಕ್ಕೆ ಅದು ಬೊಗಳುವುದು ಪೂರ್ತಿ ನಿಲ್ಲಲಿಲ್ಲ. ಬಿಟ್ಟು ಹೋದವರದ್ದು ಬೈಕ್ ಇತ್ತೋ ಏನೋ, ಹಾಗಂತ ವಸಂತಿಯವರು ಹೇಳುತ್ತಾರೆ. ನಾನು ಹಾಲಿನವನಿಗೆ ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ ನಡೆದು ಬರಲು ಹೇಳಿ ಅಂದೆ.

ಅಷ್ಟಮಿಯ ಹೊತ್ತಿಗೆ ಹುಲಿವೇಷದ ತಾಸೆ ವಾದ್ಯ ಮನೆ ಮನೆಗೆ ಬರುತ್ತದೆ ಅಲ್ವಾ. ಹಿಂದಿನ ದಿನ ಫೋನ್ ಮಾಡಿದರು. ಒಳಕೋಣೆ, ಕಿಟಕಿಗೆ ಕಂಬಳಿ, ಫ್ಯಾನ್ ಜೋರು, ರೇಡಿಯೋ, ಒಂದೊಂದಕ್ಕೆ ಒಂದೊಂದು ಮೂಲೆ ಅಂತ ಅವರೇ ಪಟ್ಟಿ ಹೇಳಿದರು, ನಾನು ಹೂಂ ಅಂದೆ.

ಗಂಡನ ವಿಷಯ. ಅವರನ್ನು ಒಂದು ಸಲ ಕರೆಸಿದೆ. "ನಾಯಿ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ" ಅಂದರು. ಬೇಕು ಅಂತ ಹೇಳಿದ್ರಾ ಅಂದೆ. ಇಲ್ಲ. ಕೇಳಿದ್ರಾ ನಿಮ್ಮನ್ನು? ಅದೂ ಇಲ್ಲ. ಇಬ್ಬರೂ ಮುಖ ನೋಡಿಕೊಂಡರು. ಮುಂದಿನ ನಾಯಿ, ಮುಂದಿನ ಬೆಕ್ಕು, ಮುಂದಿನ ಯಾವುದೇ ಜೀವ ಇಬ್ಬರೂ ಹೂಂ ಅನ್ನದೆ ಗೇಟು ದಾಟುವಂತಿಲ್ಲ ಅಂತ ಅಲ್ಲೇ ಒಪ್ಪಿಕೊಂಡರು.

ಇದು ಹದಿನೈದು ದಿನದಲ್ಲಿ ಪರೀಕ್ಷೆಗೆ ಬಂತು. ನಾಯಿ ರಕ್ಷಣೆಯ ವಾಟ್ಸಾಪ್ ಗುಂಪಿನಿಂದ ಕರೆ, "ಅಕ್ಕಾ, ಒಂದೇ ಒಂದು, ಪಗ್, ಕಣ್ಣು ಕಾಣುವುದಿಲ್ಲ, ನೀವಲ್ಲದೆ ಯಾರೂ ಇಲ್ಲ." ಈ 'ನೀವಲ್ಲದೆ ಯಾರೂ ಇಲ್ಲ' ಅನ್ನುವ ಮಾತಿನ ಬಗ್ಗೆ ನನಗೆ ಸಿಟ್ಟಿದೆ. ಆ ಹುಡುಗರು ಒಳ್ಳೆಯ ಕೆಲಸ ಮಾಡುತ್ತಾರೆ, ನಿದ್ದೆಗೆಟ್ಟು ಮಾಡುತ್ತಾರೆ, ಆದರೆ ಇಲ್ಲ ಅನ್ನಲು ಬಾರದವರ ನಂಬರ್ ಎಲ್ಲರ ಫೋನಿನಲ್ಲೂ ಮೊದಲು ಇರುತ್ತದೆ. ನಾವು ಒಂದು ವಾಕ್ಯ ಮೊದಲೇ ಬರೆದು ಇಟ್ಟಿದ್ದೆವು: "ನಮ್ಮಲ್ಲಿ ಜಾಗ ಇಲ್ಲ, ಒಂದು ತಿಂಗಳ ಆಹಾರದ ಖರ್ಚು ನಾನು ಕೊಡುತ್ತೇನೆ." ಕಾರಣ ಹೇಳುವುದಿಲ್ಲ, ಕ್ಷಮೆ ಕೇಳುವುದಿಲ್ಲ. ಹೇಳಿದರು. ಆಚೆಯವರು ಬೇಜಾರಾಗಿ ಫೋನ್ ಇಟ್ಟರು. ಇವರು ಎರಡು ದಿನ ಅತ್ತರು. ಪಗ್‌ಗೆ ಮಣಿಪಾಲದ ಕಡೆ ಒಂದು ಮನೆ ಸಿಕ್ಕಿತು.

ಕೊನೆಗೆ ಮೊದಲ ದಿನದ ಪ್ರಶ್ನೆ. ವಾಪಸ್ ಕೊಟ್ಟರೆ ಕೆಟ್ಟವಳಾ? ಮೂರು ತಿಂಗಳು ತಡೆಯಿರಿ ಅಂದಿದ್ದೆ. ತಡೆದರು. ಬಾಗಿಲು, ಹೊತ್ತು ಹೊತ್ತಿನ ಊಟ, ಎಲ್ಲ ಮಾಡಿದ ಮೇಲೂ ಬೂತಾಯಿ ಬ್ರೂನೋವನ್ನು ಬಿಡಲಿಲ್ಲ. ಬ್ರೂನೋ ಚಾವಡಿಗೆ ಬರುವುದನ್ನೇ ನಿಲ್ಲಿಸಿತು. ನಾನು ನೇರವಾಗಿ ಹೇಳಿದೆ, ಕೊಡಿ. ದಕ್ಕೆಗೆ ಬಿಡುವುದಲ್ಲ, ಬೇರೆ ನಾಯಿ ಇಲ್ಲದ ಮನೆಗೆ, ಸಂತಾನಹರಣ ಮಾಡಿಸಿ, ಕಚ್ಚಿದ್ದನ್ನು ಮುಚ್ಚಿಡದೆ ಹೇಳಿ ಕೊಡಿ. ಒಂದು ಸೆಷನ್ ಪೂರ್ತಿ ನನ್ನ ಮೇಲೆ ಸಿಟ್ಟು ಮಾಡಿಕೊಂಡರು. ಮುಂದಿನದಕ್ಕೆ ಬರಲಿಲ್ಲ. ಅಕ್ಟೋಬರ್‌ನಲ್ಲಿ ಬೂತಾಯಿ ಬ್ರಹ್ಮಾವರದ ಕಡೆ ಸಂಬಂಧಿಕರ ಮನೆಗೆ ಹೋಯಿತು. ಅಲ್ಲಿ ಒಬ್ಬಂಟಿ, ತಟ್ಟೆಗೆ ಪಾಲುದಾರರಿಲ್ಲ. ಈಗ ದಪ್ಪ ಆಗಿದೆಯಂತೆ.

ಕೊನೆಯ ಸಲ ಬಂದಾಗ ಕೋಣೆಯಲ್ಲಿ, ಹಾಸಿಗೆಯಲ್ಲಿ, ಬಾಗಿಲು ಹಾಕಿ ಮಲಗುತ್ತಿದ್ದೇನೆ ಅಂದರು. ಬೊಳ್ಳು ಹೊರಗಡೆ ಹೊಸ್ತಿಲಿಗೆ ಮೂತಿ ಇಟ್ಟು ಮಲಗುತ್ತದೆ, ಬ್ರೂನೋ ಹಲಗೆ ಹತ್ತಿ ಸೋಫಾದಲ್ಲಿ. ನಿದ್ದೆ ಬರ್ತದಾ ಅಂದೆ.

"ಎಲ್ಲಿ ಬರ್ತದೆ ಮೇಡಂ. ಇವರ ಗೊರಕೆ. ಇಷ್ಟು ದಿನ ಚಾವಡಿಯಲ್ಲಿ ಕೇಳ್ತಿರಲಿಲ್ಲ."