ಎಂಬಿಎ ಕಾಲೇಜುಗಳು ಸ್ವಂತ ಉದ್ಯಮಕ್ಕೆ ನಿಜಕ್ಕೂ ನೆರವಾಗುತ್ತವಾ?

ತಂಗಿಗೆ ಎಂಬಿಎ ಸೀಟು ಸಿಕ್ಕಿದೆ, ಮುಗಿಸಿ ಸ್ವಂತ ಉದ್ಯಮ ಮಾಡುತ್ತೇನೆ ಅನ್ನುತ್ತಾಳೆ, ಕಾಲೇಜಿನವರು ಅದಕ್ಕೆ ಏನಾದರೂ ಮಾಡುತ್ತಾರಾ ಅಥವಾ ಎಲ್ಲ ಬ್ರೋಷರಿನ ಮಾತಾ ಅಂತ ಕೇಳಿದ್ದೀರಿ. ಒಂದೇ ಕಾಲೇಜಿನಲ್ಲಿ ಎರಡನ್ನೂ ನೋಡಿದವನು ನಾನು.

ಬ್ರೋಷರಿನ ಕಥೆ ಮೊದಲು ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಇ-ಸೆಲ್ ಅಂತ, ಅಂದರೆ ಸ್ವಂತ ಉದ್ಯಮ ಮಾಡುವ ವಿದ್ಯಾರ್ಥಿಗಳಿಗೆಂದು, ಒಂದು ರೂಮಿತ್ತು. ಟೇಪ್ ಕತ್ತರಿಸಿದ ದಿನ ಎಲ್ಲರೂ ಒಳಗೆ ಹೋಗಿ ಫೋಟೊ ತೆಗೆಸಿಕೊಂಡೆವು, ಆಮೇಲೆ ಬೀಗ. ವರ್ಷಕ್ಕೊಮ್ಮೆ ಐಡಿಯಾ ಸ್ಪರ್ಧೆ ನಡೆಯುತ್ತಿತ್ತು. ಪಿಪಿಟಿ ಚೆಂದ ಮಾಡಿದವರಿಗೆ ಬಹುಮಾನ, ಮರುದಿನ ಆ ಐಡಿಯಾ ಅವರಿಗೇ ನೆನಪಿರುತ್ತಿರಲಿಲ್ಲ.

ಉಪಯೋಗಕ್ಕೆ ಬಂದದ್ದು ಮಾರ್ಕೆಟಿಂಗ್ ಸರ್ ಕೊಟ್ಟ ಒಂದು ಅಸೈನ್‌ಮೆಂಟ್. ಐದು ಜನರ ಗುಂಪಿಗೆ ಎರಡು ಸಾವಿರ ರೂಪಾಯಿ, ಮೂರು ವಾರ ಸಮಯ. ಏನಾದರೂ ಮಾರಬೇಕು, ಅಸಲು ವಾಪಸ್ ತರಬೇಕು. ನಾವು ಹುಬ್ಬಳ್ಳಿಯಲ್ಲಿ ಒಬ್ಬ ಅಕ್ಕನ ಹತ್ತಿರ ಇನ್ನೂರು ಕಡಕ್ ಜೋಳದ ರೊಟ್ಟಿ ಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಡಯಟ್ ಮಾಡುವವರು ಮುಗಿಬಿದ್ದು ಕೊಳ್ಳುತ್ತಾರೆ ಅನ್ನುವುದು ನಮ್ಮ ಲೆಕ್ಕ. ಬೆಳಗ್ಗೆ ರಟ್ಟಿನ ಡಬ್ಬಿ ತೆರೆದರೆ ಅರ್ಧಕ್ಕರ್ಧ ಚೂರು. ಆ ಚೂರಿಗೆ ಮೊಸರು, ಶೇಂಗಾ ಚಟ್ನಿ ಹಚ್ಚಿಕೊಂಡು ಹಾಸ್ಟೆಲಿನಲ್ಲಿ ಒಂದು ವಾರ ತಿಂದೆವು.

ಡಬ್ಬಿಗೆ ಸರಿಹೋಗುವಂತೆ ರೊಟ್ಟಿ ಸಣ್ಣದು ಮಾಡಿಕೊಡಿ ಅಂತ ಅಕ್ಕನನ್ನು ಕೇಳಿದರೆ, “ಏ ತಮ್ಮಾ, ನನ್ನ ಕೈಗೆ ಈ ಅಳತಿನ ಕುಂತೈತಿ. ಸಣ್ಣದು ಬಡಿಯಾಕ ಹೋದ್ರ ದಪ್ಪ ಆಕ್ಕತಿ, ಕಡಕ್ ಆಗಂಗಿಲ್ಲ” ಅಂದರು. ಕೊನೆಗೆ ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಏನೂ ಅಚ್ಚಾಗದ ಹನ್ನೆರಡು ಇಂಚಿನ ಪಿಜ್ಜಾ ಬಾಕ್ಸ್ ಸಿಕ್ಕವು. ಹತ್ತು ಹತ್ತು ರೊಟ್ಟಿ ಜೋಡಿಸಿ, ಸಂದಿಗೆ ಪೇಪರ್ ತುರುಕಿದೆವು. ಎರಡನೇ ಸಲ ಮುರಿದದ್ದು ಬೆರಳೆಣಿಕೆಯಷ್ಟು. ಅಪಾರ್ಟ್‌ಮೆಂಟಿನ ವಾಚ್‌ಮನ್ ಮಾತ್ರ ನಮ್ಮನ್ನು ಪಿಜ್ಜಾ ಹುಡುಗರು ಅಂದುಕೊಂಡು ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡ.

ಸರ್ ಕೇಳುತ್ತಿದ್ದದ್ದು ಒಂದೇ: “ಚೆನ್ನಾಗಿದೆ ಅಂದವರ ಲೆಕ್ಕ ಬೇಡ, ಎರಡನೇ ಸಲ ಕೊಂಡವರು ಎಷ್ಟು ಜನ?” ನಾಲ್ಕೇ ಮನೆ. ನಾಲ್ಕೂ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ನೆಲೆಸಿದವರದು, ಡಯಟ್‌ನವರು ಒಬ್ಬರೂ ಇರಲಿಲ್ಲ. ಗಿರಾಕಿ ಯಾರು ಅನ್ನುವುದರಲ್ಲೇ ನಾವು ಎಡವಿದ್ದೆವು. ಎರಡು ವರ್ಷದ ಓದಿನಲ್ಲಿ ನನ್ನ ತಲೆಗೆ ಸರಿಯಾಗಿ ಇಳಿದ ಪಾಠ ಅದೊಂದೇ.

ಇದು ನಮ್ಮ ಸರ್ ಒಬ್ಬರ ಹುಚ್ಚು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅಮೆರಿಕದ ಬ್ಯಾಬ್ಸನ್ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗರಿಗೆ ಇದು ಕಡ್ಡಾಯ ಪಾಠವಂತೆ. ಕಾಲೇಜೇ ಸಾಲ ಕೊಡುತ್ತದೆ, ಗುಂಪು ಕಟ್ಟಿಕೊಂಡು ವ್ಯಾಪಾರ ಮಾಡಿ ಸಾಲ ತೀರಿಸಬೇಕು, ಉಳಿದ ಲಾಭ ದಾನಕ್ಕೆ ಹೋಗುತ್ತದೆ.

ನಮ್ಮ ದೇಶದ ದೊಡ್ಡ ಕಾಲೇಜುಗಳಿಗೆ ಬಂದರೆ, ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ 2000ದಿಂದ ಎನ್‌ಎಸ್‌ಆರ್‌ಸಿಇಎಲ್ ಅಂತ ಉದ್ಯಮಶೀಲತಾ ಕೇಂದ್ರವಿದೆ. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಎಸ್. ರಾಘವನ್ ಅವರ ಹೆಸರಿನದು. ಅಲ್ಲಿಗೆ ಹೋಗಲು ಐಐಎಂ ವಿದ್ಯಾರ್ಥಿಯೇ ಆಗಿರಬೇಕಿಲ್ಲ, ಹೊರಗಿನವರನ್ನೂ ಸೇರಿಸಿಕೊಳ್ಳುತ್ತಾರೆ. ಮಹಿಳೆಯರಿಗೆಂದೇ ಬೇರೆ ಕಾರ್ಯಕ್ರಮ ನಡೆಸುತ್ತ ಬಂದಿದ್ದಾರೆ, ನಿಮ್ಮ ತಂಗಿಗೆ ಇದು ಗೊತ್ತಿರಲಿ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ನಿನವರೂ ಸ್ಟಾರ್ಟಪ್‌ಗಳಿಗೆ ಜಾಗ, ಮೆಂಟರ್ ಎಲ್ಲ ಕೊಡುತ್ತಾರೆ.

ಆದರೆ ಹೊಸ ಉದ್ಯಮಗಳನ್ನು ಕೈಹಿಡಿದು ಬೆಳೆಸುವ ಇಂಥ ಇನ್‌ಕ್ಯುಬೇಟರಿಗಿಂತ ದೊಡ್ಡ ಉಪಕಾರ ನನ್ನ ಪ್ರಕಾರ ಪ್ಲೇಸ್‌ಮೆಂಟ್ ಮುಂದೂಡುವ ಸೌಲಭ್ಯ. ಐಐಎಂ ಅಹಮದಾಬಾದಿನಂಥ ಕಡೆ, ಸ್ವಂತ ಉದ್ಯಮಕ್ಕೆ ಇಳಿದವರು ಅದು ಕೈಕೊಟ್ಟರೆ ಎರಡು ವರ್ಷದೊಳಗೆ ವಾಪಸ್ ಬಂದು ಕ್ಯಾಂಪಸ್ ಸಂದರ್ಶನಕ್ಕೆ ಕೂರಬಹುದು. ಫೀಸೇ 20 ಲಕ್ಷ ದಾಟುತ್ತದೆ, ಎಜುಕೇಶನ್ ಲೋನಿನ ಇಎಂಐ ಬಾಗಿಲಲ್ಲಿ ನಿಂತಿರುತ್ತದೆ. ಧೈರ್ಯ ಇಲ್ಲದೆ ಅಲ್ಲ, ಆ ಇಎಂಐಗೆ ಹೆದರಿಯೇ ಎಷ್ಟೋ ಜನ ಕೆಲಸಕ್ಕೆ ಸೇರುವುದು. ನಾನೂ ಹಾಗೇ ಸೇರಿದವನು. ನಮ್ಮ ಗುಂಪಿನಲ್ಲಿ ಸಾಲ ಇಲ್ಲದ ಗೆಳತಿಯೊಬ್ಬಳು ಮಾತ್ರ ರೊಟ್ಟಿ ಮುಂದುವರಿಸಿದಳು. ಈಗ ಅವಳಿಗೆ ಆರು ಜನ ಅಕ್ಕಂದಿರು ರೊಟ್ಟಿ ಬಡಿದುಕೊಡುತ್ತಾರೆ.

ಸಣ್ಣ ಕಾಲೇಜಾದರೂ ಚಿಂತೆಯಿಲ್ಲ. ಕಾಲೇಜುಗಳಿಗೆಂದೇ ಕೇಂದ್ರ ಸರ್ಕಾರ 2019ರಲ್ಲಿ ನಾವೀನ್ಯತೆ ಮತ್ತು ಸ್ಟಾರ್ಟಪ್ ನೀತಿಯೊಂದನ್ನು ತಂದಿದೆ. ಸ್ಟಾರ್ಟಪ್ ನಡೆಸುವ ವಿದ್ಯಾರ್ಥಿಗೆ ಅಟೆಂಡೆನ್ಸ್ ಕಡಿಮೆ ಬಿದ್ದರೂ ಅನುಮತಿ ಕೊಟ್ಟು ಪರೀಕ್ಷೆಗೆ ಕೂರಿಸಬಹುದು, ಪ್ರಾಜೆಕ್ಟಿನ ಬದಲು ಸ್ಟಾರ್ಟಪ್ಪನ್ನೇ ತೋರಿಸಲು ಬಿಡಬಹುದು ಅಂತ ಅದರಲ್ಲಿದೆ. ಕಾಲೇಜಿನ ಜಾಗ, ನೆರವು ಬಳಸಿಕೊಂಡರೆ ಕಾಲೇಜು ಕಂಪನಿಯಲ್ಲಿ ಶೇ. 2ರಿಂದ 9.5ರವರೆಗೆ ಪಾಲು ಕೇಳಬಹುದು ಅಂತಲೂ ಇದೆ. ಆ ಮಾತು ಮೊದಲೇ ಕಾಗದದ ಮೇಲೆ ಬರಲಿ. ಮುಂದೆ ಹಣ ಬೇಕಾದಾಗ ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಇನ್ನೂ ನಡೆಯುತ್ತಿದೆಯಾ ನೋಡಿ. 2021ರಲ್ಲಿ ನಾಲ್ಕು ವರ್ಷಕ್ಕೆಂದು ಶುರುವಾದ ಯೋಜನೆ, ಮಾದರಿ ಮಾಡಿ ಪರೀಕ್ಷಿಸುವ ಹಂತಕ್ಕೆ 20 ಲಕ್ಷದವರೆಗೆ ಅನುದಾನ ಕೊಡುವಂಥದ್ದು. ಅದು ಬರುವುದು ಇನ್‌ಕ್ಯುಬೇಟರುಗಳ ಮೂಲಕ. ಮೊದಲ ದಿನವೇ ಅದರ ಹಿಂದೆ ಓಡುವುದು ಬೇಡ.

ಸೀಟು ಖಾಯಂ ಮಾಡುವ ಮೊದಲು ತಂಗಿಯನ್ನು ಕರೆದುಕೊಂಡು ಒಮ್ಮೆ ಕ್ಯಾಂಪಸ್ಸಿಗೆ ಹೋಗಿ ಬನ್ನಿ. ಕಳೆದ ಮೂರು ವರ್ಷದಲ್ಲಿ ವ್ಯಾಪಾರ ಶುರುಮಾಡಿ ಮುಚ್ಚಿದ ಹಳೇ ವಿದ್ಯಾರ್ಥಿ ಯಾರಾದರೂ ಇದ್ದರೆ ಮಾತಾಡಿಸಿಕೊಡಿ ಅಂತ ಕೇಳಿ. ಗೆದ್ದವರ ಫೋಟೊ ಹೇಗೂ ಗೋಡೆ ಮೇಲಿರುತ್ತದೆ. ಇ-ಸೆಲ್ ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತಲೂ ವಿಚಾರಿಸಿ. ನಮ್ಮಲ್ಲಿ ಅದು ಪ್ರಿನ್ಸಿಪಾಲರ ಟೇಬಲ್ಲಿನ ಡ್ರಾಯರಿನಲ್ಲಿತ್ತು.